ದಪ್ಪಗಾದ ಅಳತೆಕೋಲು

ಈ ಕಥೆಯನ್ನು ಮೊದಲು ಹೇಳಿದವಳು ಕಿಟಕಿಗಳಿಗೆ ಗಾಜು ಕೂರಿಸುವ ಹೆಂಗಸು. ಹೇಳಿದ್ದು ಒಂಬತ್ತು ವರ್ಷಗಳ ಹಿಂದೆ, ಬೇಸಿಗೆಯ ಒಂದು ಭಾನುವಾರದ ಮಧ್ಯಾಹ್ನ, ಗರಗಸಗಳ ಹಲ್ಲು ಮಸೆದುಕೊಡುವವನ ಅಂಗಡಿಯ ಮುಂದಿನ ಬೆಂಚಿನ ಮೇಲೆ. ತಮ್ಮ ತಮ್ಮ ಗರಗಸದ ಸರದಿಗಾಗಿ ಕಾಯುತ್ತಿದ್ದ ಐದಾರು ಜನ ಕೇಳುಗರು. ಕಥೆ ನಡೆದ ಶೆಡ್ಡು ಆಕೆಯ ಅಂಗಡಿಗೆ ಎದುರಾಗಿಯೇ ಇದ್ದುದರಿಂದ ನಡೆದದ್ದರಲ್ಲಿ ಅರ್ಧವನ್ನು ಆಕೆ ಕಣ್ಣಾರೆ ಕಂಡಿದ್ದಳು. ಮಿಕ್ಕರ್ಧವನ್ನು ಕಥೆಯೊಳಗಿನ ತಾಯಿಯ ಬಾಯಿಂದಲೇ ಕೇಳಿದ್ದಳು. ಹಳೆಯ ಟಯರು ಮಾರುವವನೊಬ್ಬ ಮುಂದೆ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ್ದುಂಟು. ಅವನ ಪಾಠದಲ್ಲಿ ಗಿಟಾರಿಗೆ ಅಂಟಿಸಿದ ಮರದ ಪಟ್ಟಿಗಳು ಏಳು. ಆದರೆ ಏಳು ಪಟ್ಟಿಯ ಗಿಟಾರನ್ನು ನುಡಿಸಬೇಕಾದರೆ ಸಲಿಕೆಯಷ್ಟು ಅಗಲದ ಅಂಗೈ ಬೇಕಾಗುವುದರಿಂದ, ಇಲ್ಲಿ ಗಾಜಿನವಳ ಲೆಕ್ಕದಂತೆ ಐದನ್ನೇ ಉಳಿಸಿಕೊಳ್ಳಲಾಗಿದೆ.

ಒಂದೇ ಶೆಡ್ಡಿನಲ್ಲಿ ಇಬ್ಬರು ಬಡಗಿಗಳಿದ್ದರು, ಅಣ್ಣ ಮತ್ತು ತಮ್ಮ. ಬಾಗಿಲು ಮಾಡುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅಷ್ಟಾದರೂ ಅವರ ಸ್ವಂತ ಶೆಡ್ಡಿಗೆ ಮಾತ್ರ ಬಾಗಿಲಿರಲಿಲ್ಲ. ಒಂದು ದಪ್ಪ ಕ್ಯಾನ್ವಾಸ್ ಪರದೆ ತೂಗುತ್ತಿತ್ತು. ಬಾಗಿಲು ಒಳಕ್ಕೆ ತೆರೆಯಬೇಕು, ಬಂದವರನ್ನು ಒಳಗೆ ಕರೆದಂತಿರುತ್ತದೆ ಎಂದು ಅಣ್ಣ. ಹೊರಕ್ಕೆ ತೆರೆಯಬೇಕು, ಒಳಗೆ ಹಲಗೆ ನಿಲ್ಲಿಸಲು ಜಾಗ ಉಳಿಯುತ್ತದೆ ಎಂದು ತಮ್ಮ. ಈ ಮಾತು ಬೆಳೆದೂ ಬೆಳೆದೂ, ಕಡೆಗೆ ಇಬ್ಬರ ನಡುವೆ ಮಾತೇ ನಿಂತುಹೋಗಿ ಎರಡು ವರ್ಷವಾಗಿತ್ತು. ನೆಲದ ನಡುವೆ ಸೀಮೆಸುಣ್ಣದ ಗೆರೆ ಬಿತ್ತು. ಬೀದಿಯವರು ಅಣ್ಣನಿಗೆ ಒಳಬಾಗಿಲು ಎಂದೂ ತಮ್ಮನಿಗೆ ಹೊರಬಾಗಿಲು ಎಂದೂ ಹೆಸರಿಟ್ಟು ಕೈತೊಳೆದುಕೊಂಡರು.

ಗೆರೆಯನ್ನು ದಾಟಿ ಹೋಗಿಬರುತ್ತಿದ್ದ ವಸ್ತು ಒಂದೇ ಒಂದು, ಅವರ ಅಪ್ಪನ ಅಳತೆಕೋಲು. ಎರಡೂವರೆ ಅಡಿ ಉದ್ದ, ಒಂದೂವರೆ ಇಂಚು ಅಗಲ, ಅರ್ಧ ಇಂಚು ದಪ್ಪದ ಕಂದು ಮರದ ಪಟ್ಟಿ ಅದು. ಅಪ್ಪ ಅದರ ಒಂದು ಅಂಚಿನುದ್ದಕ್ಕೂ ಇಂಚಿಗೊಂದರಂತೆ ಸಣ್ಣ ಹಿತ್ತಾಳೆಯ ಮೊಳೆ ಹೊಡೆದಿದ್ದ. ಇನ್ನೊಂದು ಅಂಚಿನ ತುದಿಯಲ್ಲಿ ಅವನ ಹಲ್ಲಿನ ಗುರುತಿತ್ತು, ಯೋಚನೆಗೆ ಬಿದ್ದಾಗಲೆಲ್ಲ ಕೋಲನ್ನು ಕಚ್ಚುವುದು ಅವನ ಅಭ್ಯಾಸ. ಅಪ್ಪನ ಇಂಚು ಅಂಗಡಿಯ ಟೇಪಿನ ಇಂಚಲ್ಲ. ಅದಕ್ಕಿಂತ ಉಗುರಿನ ದಪ್ಪದಷ್ಟು ಹೆಚ್ಚು. ಆ ಬೀದಿಗಳ ಚೌಕಟ್ಟುಗಳೆಲ್ಲ ನಲವತ್ತು ವರ್ಷದಿಂದ ಅದೇ ಇಂಚಿನಲ್ಲಿ ನಿಂತಿದ್ದವು. ಟೇಪು ಹಿಡಿದು ಮಾಡಿದ ಬಾಗಿಲು ಅಲ್ಲಿ ಯಾವ ಮನೆಗೂ ಕೂರುತ್ತಿರಲಿಲ್ಲ. ಹೀಗಾಗಿ ಕೋಲಿಲ್ಲದಿದ್ದರೆ ಇಬ್ಬರಿಗೂ ಕೈ ಕಟ್ಟಿದಂತೆ.

ಇದನ್ನು ಬಲ್ಲ ತಾಯಿ ಒಂದು ಕಟ್ಟು ಮಾಡಿದ್ದಳು. ಕೋಲು ಒಂದು ವಾರ ಅವನಿಗೆ, ಒಂದು ವಾರ ಇವನಿಗೆ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ತನ್ನ ಕಣ್ಣೆದುರಿಗೇ ಕೊಡಬೇಕು, ತೆಗೆದುಕೊಳ್ಳಬೇಕು. "ಯಾರ ಕೈಲಿ ಕೋಲು ಕಳೀತೋ ಅವನು ಉಳಿ, ಸುತ್ತಿಗೆ ಎತ್ಕೊಂಡು ಆಚೆ ನಡೀಬೇಕು. ಶೆಡ್ಡು ಇನ್ನೊಬ್ಬನದು" ಎಂದು ಅವಳ ತೀರ್ಪು. ಎರಡು ವರ್ಷ ಕೋಲು ಒಂದು ಸೋಮವಾರವೂ ತಪ್ಪದೆ ಕೈ ಬದಲಾಯಿಸಿತು.

ಹೀಗಿರುವಾಗ ಹೊರಬಾಗಿಲಿಗೆ ಗಿಟಾರಿನ ಹುಚ್ಚು ಹಿಡಿಯಿತು. ಹಲ್ಲಿನ ಡಾಕ್ಟರಮ್ಮನ ಮನೆಗೆ ಬಾಗಿಲು ಕೂರಿಸಲು ಹೋದವನು, ಆಕೆ ಎಲೆಕ್ಟ್ರಿಕ್ ಗಿಟಾರು ನುಡಿಸುವುದನ್ನು ಕೇಳಿ ಮೂರು ಕೀಲು ತಲೆಕೆಳಗಾಗಿ ಹೊಡೆದು ಬಂದಿದ್ದ. ಅಂದಿನಿಂದ ಅವನ ಸುತ್ತಿಗೆಯ ಏಟೂ ತಾಳಕ್ಕೆ ಬೀಳತೊಡಗಿತು. ತನ್ನ ಕೈಯಾರೆ ಒಂದನ್ನು ಮಾಡಿಯೇ ತೀರುವುದೆಂದು ಹೊರಟ. ಡಾಕ್ಟರಮ್ಮ ನಕ್ಷೆ ಬರೆದುಕೊಟ್ಟು ಒಂದು ಮಾತು ಹೇಳಿದ್ದಳು: ಗಿಟಾರಿನ ಕತ್ತು, ಎಂದರೆ ಎಡಗೈ ಬೆರಳುಗಳು ಓಡಾಡುವ ಉದ್ದನೆಯ ಭಾಗ, ಒಂದೇ ಮರದ್ದಾದರೆ ತಂತಿಗಳ ಎಳೆತಕ್ಕೆ ಬಾಗುತ್ತದೆ; ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದರೆ ಬಾಗುವುದಿಲ್ಲ.

ಹೊರಬಾಗಿಲು ಐದು ಪಟ್ಟಿ ಕೊಯ್ದ. ಮೂರು ಬಿಳಿ ಮರ, ಎರಡು ಕಂದು. ಅವನದೊಂದು ಪದ್ಧತಿಯಿತ್ತು: ಏನನ್ನೇ ಮಾಡಲಿ, ಅಳತೆಯನ್ನು ಬರೆದುಕೊಳ್ಳುತ್ತಿರಲಿಲ್ಲ, ಅಪ್ಪನ ಕೋಲನ್ನೇ ಪಕ್ಕಕ್ಕಿಟ್ಟು ಅದಕ್ಕೆ ಸರಿಯಾಗಿ ಮರವನ್ನು ಇಳಿಸುತ್ತಿದ್ದ. ಪಟ್ಟಿಗಳನ್ನೂ ಹಾಗೆಯೇ, ಉದ್ದ, ಅಗಲ, ದಪ್ಪ ಮೂರರಲ್ಲೂ ಕೋಲಿಗೆ ಸಮ ಮಾಡಿದ. ಮರ ಹೆರೆಯುವ ಹತ್ತರಿ ಹೊಡೆದು ಹೊಡೆದು, ಕಣ್ಣು ಮುಚ್ಚಿ ಬೆರಳಾಡಿಸಿದರೆ ಯಾವುದು ಪಟ್ಟಿ, ಯಾವುದು ಕೋಲು ಎಂದು ತಿಳಿಯದಷ್ಟು ನಯ ಮಾಡಿದ. ಎದುರಿನ ಗಾಜಿನವಳನ್ನು ಕರೆದು ತೋರಿಸಿ, "ನೋಡಕ್ಕ, ಅವಳಿ ಮಕ್ಕಳೂ ಇಷ್ಟು ಒಂದೇ ಥರ ಇರಲ್ಲ" ಎಂದು ಬೀಗಿದ್ದೂ ಉಂಟು.

ಅಂಟು ಹಚ್ಚುವ ದಿನ ಶುಕ್ರವಾರ. ಕೋಲು ಆ ವಾರ ಅವನದೇ. ಅಂಟು ಬಳಿದ ಮೇಲೆ ಹತ್ತು ನಿಮಿಷದೊಳಗೆ ಎಲ್ಲವನ್ನೂ ಒತ್ತಿ ಬಿಗಿಯಬೇಕು. ಹನ್ನೊಂದನೆಯ ನಿಮಿಷಕ್ಕೆ ಅಂಟು ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕಾಗಿ ಅವನು ಬೆಳಿಗ್ಗೆಯಿಂದ ಮೂರು ಸಲ ಅಂಟಿಲ್ಲದೆ ಪಟ್ಟಿಗಳನ್ನು ಜೋಡಿಸಿ, ಒತ್ತಿಹಿಡಿಯುವ ತಿರುಪಿನ ಕ್ಲಾಂಪು ಬಿಗಿದು, ಬಿಚ್ಚಿ, ನಾಟಕದವರಂತೆ ತಾಲೀಮು ಮಾಡಿದ. ಒಂದೇ ತೊಡಕು, ಕ್ಲಾಂಪು ಹನ್ನೆರಡು ಬೇಕು, ಅವನ ಪಾಲಿಗಿರುವುದು ಆರು.

"ಅಮ್ಮಾ, ನಿನ್ನ ದೊಡ್ಡ ಮಗನಿಗೆ ಹೇಳು, ಅವನ ಆರು ಕ್ಲಾಂಪು ಕೊಟ್ರೆ ನಾಳೆ ಇದೇ ಹೊತ್ತಿಗೆ ವಾಪಸ್ಸು ಮಾಡ್ತೀನಿ ಅಂತ."

ಅಣ್ಣ ಗೆರೆಯಾಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಒಂದು ಬಾಗಿಲಿಗೆ ವಾರ್ನಿಷು ಹಚ್ಚುತ್ತಿದ್ದ. "ಅಮ್ಮಾ, ನಿನ್ನ ಚಿಕ್ಕ ಮಗನಿಗೆ ಹೇಳು, ಐದು ಕೊಡ್ತೀನಿ. ಆರೂ ಕೊಟ್ಟು ಬರಿಗೈಲಿ ನಿಲ್ಲೋಕೆ ನನಗೇನು ಮರ್ಯಾದೆ ಇಲ್ವಾ?"

ಸ್ಟೂಲಿನ ಮೇಲೆ ಕುಳಿತಿದ್ದ ತಾಯಿ ಚಹಾದ ಲೋಟ ಕೆಳಗಿಟ್ಟಳು. "ಇಬ್ಬರಿಗೂ ಎರಡೆರಡು ಕಿವಿ ಇದೆ ಅಂತ ಹೆತ್ತಾಗಲೇ ಎಣಿಸಿ ನೋಡಿದ್ದೆ ಕಣ್ರೋ. ನನ್ನನ್ನ ಯಾಕೆ ಟೆಲಿಫೋನ್ ಮಾಡ್ಕೊಂಡಿದ್ದೀರ?"

ಐದು ಕ್ಲಾಂಪು ಗೆರೆ ದಾಟಿದವು. ಹನ್ನೆರಡನೆಯದರ ಜಾಗಕ್ಕೆ ಏನು ಮಾಡುವುದೆಂದು ಹೊರಬಾಗಿಲು ಶೆಡ್ಡಿನ ಸುತ್ತ ಕಣ್ಣಾಡಿಸಿದ. ಅವನ ಕಣ್ಣು ತಾಯಿಯ ಮೇಲೆ ನಿಂತಿತು. ಆಕೆ ಮೈಕೈ ತುಂಬಿಕೊಂಡ ಹೆಂಗಸು.

"ಅಮ್ಮಾ, ನಡುಮಧ್ಯದಲ್ಲಿ ಒಂದು ಹಲಗೆ ಇಡ್ತೀನಿ. ನೀನು ಅದರ ಮೇಲೆ ಎರಡು ಗಂಟೆ ಕೂತ್ಕೊಂಡ್ರೆ ಸಾಕು."

"ನಾನೇನು ಕ್ಲಾಂಪೇನೋ?"

"ಕ್ಲಾಂಪಿಗೆ ಇಷ್ಟು ಗಟ್ಟಿತನ ಎಲ್ಲಿಂದ ಬರ್ಬೇಕಮ್ಮ!"

ಈ ಹೊಗಳಿಕೆಗೆ ತಾಯಿ ಸೋತಳು. ಹೊರಬಾಗಿಲು ಪಟ್ಟಿಗಳನ್ನು ಬೆಂಚಿನ ಮೇಲೆ ಸಾಲಾಗಿ ಮಲಗಿಸಿ, ಕೊನೆಯ ಸಲ ಸಮ ನೋಡಿಕೊಳ್ಳಲು ಪಕ್ಕದಲ್ಲೇ ಕೋಲನ್ನೂ ಮಲಗಿಸಿ, ಬೀದಿ ದಾಟಿ ಗಾಜಿನವಳ ಬಳಿ ಬ್ರಷ್ಷು ಕೇಳಲು ಓಡಿದ.

ಅವನು ಆಚೆ ಹೋದದ್ದೇ ತಡ, ಗಾಳಿ ಬೀಸಿತು. ಪರದೆ ಸೊಂಟದವರೆಗೆ ಎದ್ದು, ಬೀದಿಯ ಧೂಳೆಲ್ಲ ಅಣ್ಣನ ಹಸಿ ವಾರ್ನಿಷಿನ ಕಡೆಗೆ ನುಗ್ಗಿತು. ಅಣ್ಣ ಗಾಬರಿಯಾಗಿ ಪರದೆಯ ಕೆಳಗಿನ ಮಡಿಕೆಯೊಳಗೆ ತೂರಿಸಲು ಏನಾದರೊಂದು ಸಿಗುತ್ತದೆಯೇ ಎಂದು ಹುಡುಕಿದ. ತಮ್ಮನ ಕಡೆ ಇರುವುದೆಲ್ಲ ಚೂರುಪಾರು ಎಂಬುದು ಅವನ ಬಹುದಿನದ ಸಿದ್ಧಾಂತ. ಒಂದು ಕಾಲನ್ನು ಗೆರೆಯೀಚೆಯೇ ಉಳಿಸಿಕೊಂಡು, ಇನ್ನೊಂದನ್ನು ಆಚೆ ಚಾಚಿ, ಕೈಗೆ ಸಿಕ್ಕ ಕಂದು ಪಟ್ಟಿಯೊಂದನ್ನು ಎಳೆದುಕೊಂಡು ಪರದೆಯ ಮಡಿಕೆಗೆ ತೂರಿಸಿದ. ಪರದೆ ನೆಟ್ಟಗೆ ನಿಂತಿತು. ತಾಯಿ ಆಗ ಎರಡು ಗಂಟೆಯ ಕೂರುವಿಕೆಗೆ ಸಿದ್ಧಳಾಗಿ ಕಾಲು ಝಾಡಿಸಿ ಬರಲು ಹಿತ್ತಲಿಗೆ ಹೋಗಿದ್ದಳು. ಹೊರಬಾಗಿಲು ಬೀದಿಗೆ ಬೆನ್ನು ಮಾಡಿ ಬ್ರಷ್ಷು ಆರಿಸುತ್ತಿದ್ದುದರಿಂದ, ಎದ್ದ ಪರದೆಯ ಕೆಳಗೆ ಇದನ್ನು ಕಂಡವಳು ಗಾಜಿನವಳೊಬ್ಬಳೇ. ಅಣ್ಣ ತಮ್ಮನ ಕಡೆಗೆ ಕಾಲಿಟ್ಟನಲ್ಲ, ರಾಜಿಯಾಗುತ್ತಿದ್ದಾರೆ, ನಡುವೆ ಬಾಯಿ ಹಾಕಬಾರದು ಎಂದುಕೊಂಡು ಆಕೆ ಬಾಯಿಗೆ ಬೀಗ ಹಾಕಿಕೊಂಡಳು.

ಬೆಂಚಿನ ಮೇಲೆ ಈಗ ಉಳಿದದ್ದು ಐದು. ನಾಲ್ಕು ಪಟ್ಟಿ, ಒಂದು ಕೋಲು.

ಹೊರಬಾಗಿಲು ಓಡಿ ಬಂದ. "ಅಮ್ಮಾ, ಗಡಿಯಾರ ನೋಡು. ಹೂಂ, ಶುರು!" ಅಂಟಿನ ಡಬ್ಬಿ ಬೋರಲು ಬಿತ್ತು. ಬಿಳಿ ಪಟ್ಟಿ, ಅಂಟು, ಕಂದು, ಅಂಟು, ಬಿಳಿ, ಅಂಟು. ತಾಯಿ, "ಮೂರು ನಿಮಿಷ! ನಾಲ್ಕು! ಅಯ್ಯೋ, ಮೂಗಿಗೆ ಅಂಟಾಗಿದೆ, ಒರೆಸ್ಕೊ! ಐದು!" ಎಂದು ಕೂಗುತ್ತಿದ್ದಳು. ಎಣಿಸಿದರೆ ಐದಿತ್ತು, ಬೆರಳಿಟ್ಟರೆ ನಯವಿತ್ತು, ಬಣ್ಣ ಕಂದೇ ಆಗಿತ್ತು. ಮೊಳೆಗಳ ಅಂಚು ಗೋಡೆಯ ಕಡೆಗಿತ್ತು. ಏಳನೆಯ ನಿಮಿಷಕ್ಕೆ ಹನ್ನೊಂದು ಕ್ಲಾಂಪು ಬಿಗಿದವು, ಎಂಟನೆಯದಕ್ಕೆ ಹಲಗೆ ಬಿತ್ತು, ಒಂಬತ್ತನೆಯದಕ್ಕೆ ತಾಯಿ ಕುಳಿತಳು. ನಾಲ್ಕೂ ಕಡೆಯಿಂದ ಅಂಟು ಹಾಲಿನ ಕೆನೆಯಂತೆ ಉಕ್ಕಿ ಬಂದು ಅಂಚುಗಳನ್ನೆಲ್ಲ ಮುಚ್ಚಿಬಿಟ್ಟಿತು.

ಹೊರಬಾಗಿಲು ಬೆವರೊರೆಸಿಕೊಂಡು ಹಿರಿಹಿರಿ ಹಿಗ್ಗಿದ. "ಒಂದರ ಎಳೆ ಈ ಕಡೆ ಎಳೆಯುತ್ತೆ, ಪಕ್ಕದ್ದು ಆ ಕಡೆ ಎಳೆಯುತ್ತೆ. ಎರಡೂ ಜಗ್ಗಾಡ್ಕೊಂಡು ನೆಟ್ಟಗೆ ನಿಲ್ತವೆ, ಅದೇ ಇದರ ಗುಟ್ಟು. ಇನ್ನು ಮರ ಹರೀಬೇಕೇ ಹೊರತು ಅಂಟು ಬಿಡಲ್ಲ ಅಮ್ಮ."

"ಇದು ಮೊದಲೇ ಗೊತ್ತಿದ್ದಿದ್ರೆ ನಿಮ್ಮಿಬ್ಬರಿಗೂ ಅಂಟು ಬಳಿದು ನಾನು ಮೇಲೆ ಕೂತ್ಕೋತಿದ್ದೆ" ಎಂದಳು ತಾಯಿ. ಗೆರೆಯಾಚೆಯಿಂದ ನಗುವಿನಂಥದೊಂದು ಕೆಮ್ಮು ಕೇಳಿಸಿತು.

ಶನಿವಾರ ಅದೇ ಹೊತ್ತಿಗೆ ಕ್ಲಾಂಪು ಬಿಚ್ಚಿದ. ಕತ್ತು ಕಬ್ಬಿಣದಂತೆ ಗಟ್ಟಿಯಾಗಿತ್ತು. ಒಣಗಿದ ಅಂಟನ್ನು ತೆಗೆಯಲು ಅಂಚಿನ ಮೇಲೆ ಹತ್ತರಿ ತಳ್ಳಿದ. ಒಂದು ಇಂಚೂ ಸರಿದಿರಲಿಲ್ಲ, ಕರ್ ಎಂದು ಕಿರುಚಿ ಹತ್ತರಿ ನಿಂತಿತು. ಎತ್ತಿ ನೋಡಿದರೆ ಅಲಗಿನ ಮೂಲೆ ಮುರಿದಿತ್ತು. ಅಂಟಿನ ಕೆಳಗೆ ಹೊಳೆಯುವ ಒಂದು ಚುಕ್ಕೆ. ಮರದಲ್ಲಿ ಹಿತ್ತಾಳೆ ಬೆಳೆಯುವುದಿಲ್ಲವಲ್ಲ ಎಂದುಕೊಳ್ಳುತ್ತ ಉಗುರಿನಿಂದ ಕೆರೆದ. ಒಂದು ಇಂಚು ಮುಂದೆ ಇನ್ನೊಂದು ಚುಕ್ಕೆ. ಅದರ ಮುಂದೆ ಮತ್ತೊಂದು.  ಎಣಿಸಿದರೆ ಇಪ್ಪತ್ತೊಂಬತ್ತು, ಕೋಲಿನಲ್ಲಿದ್ದಷ್ಟೇ. ಕತ್ತನ್ನು ತಿರುಗಿಸಿ ಇನ್ನೊಂದು ಅಂಚಿನ ತುದಿಯನ್ನು ಕೆರೆದ. ಅಪ್ಪನ ಹಲ್ಲು ಅವನನ್ನು ನೋಡಿ ನಕ್ಕಂತಾಯಿತು.

"ಅಮ್ಮಾ, ನಿನ್ನ ಚಿಕ್ಕ ಮಗನಿಗೆ ಏನಾಯ್ತು ಕೇಳು, ಮುಖ ಸುಣ್ಣ ಆಗಿದೆ" ಎಂದ ಅಣ್ಣ, ತನ್ನ ಐದು ಕ್ಲಾಂಪುಗಳನ್ನು ಎಣಿಸಿಕೊಳ್ಳುತ್ತ.

"ಏನಿಲ್ಲ ಅಂತ ಹೇಳಮ್ಮ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೋಲು ಕೊಡಬೇಕು. ಕೊಡದಿದ್ದರೆ ಶೆಡ್ಡು ಅಣ್ಣನದು; ಅಣ್ಣನದಾದರೆ ಒಳಕ್ಕೆ ತೆರೆಯುವ ಬಾಗಿಲು ನಿಲ್ಲುತ್ತದೆ; ತಾನು ಬೀದಿಯಲ್ಲಿ ನಿಂತು ಅದನ್ನು ನೋಡಬೇಕು. 

ಭಾನುವಾರ ಅಣ್ಣ ಶೆಡ್ಡಿಗೆ ಬರುವುದಿಲ್ಲ. ಹೊರಬಾಗಿಲು ಬೆಳಿಗ್ಗೆಯೇ ಬಂದು ಕತ್ತಿಗೆ ಕೆಟಲ್ಲಿನ ಹಬೆ ಹಿಡಿದ. ಅಂಟು ಬಿಡಲಿಲ್ಲ, ಅವನ ಬೆರಳು ಬೆಂದಿತು. ತೆಳು ಉಳಿ ಇಟ್ಟು ಬಡಿದ. ಅಂಟು ಬಿಡಲಿಲ್ಲ, ಉಳಿಯ ಹಿಡಿ ಕಳಚಿ ಬಂತು. ತಾನು ಹೊಗಳಿದ ಅಂಟನ್ನೇ ಬಾಯಿಗೆ ಬಂದಂತೆ ಬೈದ. ಕೊನೆಗೆ ಒಂದು ನಕಲಿ ಕೋಲು ಮಾಡಿದ. ಅಳತೆಗೆ ಬೇರೆ ಕೋಲಿಲ್ಲದ್ದರಿಂದ ಕತ್ತನ್ನೇ ಪಕ್ಕಕ್ಕಿಟ್ಟು ಇಳಿಸಿದ, ಮೊಳೆ ಹೊಡೆದ, ಹಳತಾಗಿ ಕಾಣಲೆಂದು ಕಡು ಚಹಾದಲ್ಲಿ ಅದ್ದಿದ. ನಿನ್ನೆ ಹುಟ್ಟಿ ಇಂದು ಅಜ್ಜನ ವೇಷ ಹಾಕಿಕೊಂಡಂತೆ ಕಾಣುತ್ತಿತ್ತು. ಇನ್ನುಳಿದದ್ದು ಹಲ್ಲಿನ ಗುರುತು. ಕಣ್ಣು ಮುಚ್ಚಿ ಕಚ್ಚಿದ. ಅಪ್ಪನ ಮುಂದಿನ ಹಲ್ಲುಗಳ ನಡುವೆ ಸಂದಿತ್ತು. ಇವನದು ಇಟ್ಟಿಗೆ ಜೋಡಿಸಿದಂಥ ಸಾಲು. ಗುರುತು ಬೇರೆಯೇ ಬಿತ್ತು.

ನಕಲಿ ಕೋಲನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡು ಡಾಕ್ಟರಮ್ಮನ ಮನೆಗೆ ಓಡಿದ. "ಡಾಕ್ಟರಮ್ಮ, ನಮ್ಮಪ್ಪನ ಹಲ್ಲು ನೆನಪಿದೆಯಾ?"

"ನೆನಪಿಲ್ದೆ ಏನು? ಎರಡನ್ನ ನಾನೇ ಕಿತ್ತಿದ್ದು. ಆ ಕೋಲು ಕಚ್ಚಿ ಕಚ್ಚಿಯೇ ಅಲ್ಲಾಡಿದ್ದು."

"ಹಾಗಿದ್ರೆ ಅದೇ ಥರ ಒಂದು ಸೆಟ್ಟು ಮಾಡ್ಕೊಡಿ. ಕಚ್ಚೋಕೆ."

ಡಾಕ್ಟರಮ್ಮ ಅವನಿಂದ ಪೂರ್ತಿ ಕಥೆ ಹೊರಡಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡಳು. "ನೀವು ಕಚ್ಚಿದ್ದು ಸಾಕು. ನಾಳೆ ಆ ಗಿಟಾರಿನ ಕತ್ತನ್ನೇ ತಗೊಂಡು ಹೋಗಿ ನಿಮ್ಮಣ್ಣನ ಕೈಗೆ ಕೊಟ್ಬಿಡಿ."

"ಅವನು ಕಳೀತು ಅಂದ್ಬಿಟ್ರೆ?"

"ಅವರೂ ಬಡಗಿ ಅಲ್ವಾ? ಮೊದಲು ಮರ ಅಂಟಿಸಿದ ಸಂದು ನೋಡ್ತಾರೆ, ಆಮೇಲೆ ಮಾತು."

ಸೋಮವಾರ ಎಂಟು ಗಂಟೆ. ತಾಯಿ ಸ್ಟೂಲಿನ ಮೇಲೆ ಕುಳಿತಳು. ಗೆರೆಯ ಆಚೆ ಅಣ್ಣ, ಈಚೆ ತಮ್ಮ. ಪರದೆಯ ಪಕ್ಕ, ಬ್ರಷ್ಷು ವಾಪಸ್ಸು ಕೇಳುವ ನೆವದಲ್ಲಿ ಗಾಜಿನವಳು. ಹೊರಬಾಗಿಲು ಬಟ್ಟೆ ಸುತ್ತಿದ ಒಂದು ಉದ್ದನೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಅಣ್ಣ ಬಟ್ಟೆ ಬಿಚ್ಚಿದ.

ತಾಯಿ ಬಗ್ಗಿ ನೋಡಿದಳು. "ಇದು ನಾನು ಕೂತಿದ್ದಲ್ವೇನೋ?"

"ಹೌದಮ್ಮ."

"ಕೋಲೆಲ್ಲಿ?"

"ಅದೂ ನೀನು ಕೂತಿದ್ದೇ."

ಮೊಳೆಗಳ ಸಾಲು ಕಣ್ಣಿಗೆ ಬಿದ್ದಾಗ ತಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನಿನ್ನ! ನಿಮ್ಮಪ್ಪ ಬದುಕಿದ್ದಾಗ ಅದನ್ನ ದಾಟೋಕೂ ಬಿಡ್ತಿರಲಿಲ್ಲ. ನಾನು ಎರಡು ಗಂಟೆ ಅದರ ಮೇಲೆ ಕೂತಿದ್ನಾ!" ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ಬಿಗಿಯಾಯಿತು. ಮಾತು ಮಾತೇ. ದೊಡ್ಡ ಮಗನ ಕಡೆಗೆ ತಿರುಗಿದಳು. "ನೀನು ಹೇಳಪ್ಪ. ಇದು ಕಳೆದ ಹಾಗೋ, ಅಲ್ವೋ?"

ಒಂದು ಮಾತು ಹೇಳಿದ್ದರೆ ಶೆಡ್ಡೆಲ್ಲ ಅಣ್ಣನದಾಗುತ್ತಿತ್ತು. ಹೊರಬಾಗಿಲು ತನ್ನ ಉಳಿ, ಸುತ್ತಿಗೆಗಳನ್ನು ಆಗಲೇ ಚೀಲಕ್ಕೆ ತುಂಬಿಟ್ಟಿದ್ದ. ಅಣ್ಣ ಕತ್ತನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕು ಹಿಡಿದಂತೆ ನೋಡಿದ. ಸಂದಿಗೆ ಉಗುರು ಕೊಟ್ಟ, ಉಗುರು ಹೋಗಲಿಲ್ಲ. ತಿರುಗಿಸಿದ. ಅವನ ಹೆಬ್ಬೆರಳು ಅಪ್ಪನ ಹಲ್ಲಿನ ಗುರುತಿನ ಮೇಲೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಅವನು ಪಟ್ಟಿಗಳನ್ನು ಎಣಿಸಿದ: ಬಿಳಿ, ಕಂದು, ಬಿಳಿ, ಕಂದು, ಬಿಳಿ. ಕಂದಿನಲ್ಲೊಂದು ಕೋಲು. ಹಾಗಾದರೆ ಆ ಇನ್ನೊಂದು ಕಂದು ಪಟ್ಟಿ?

ಅಣ್ಣನ ಕಣ್ಣು ಮೆಲ್ಲಗೆ ಪರದೆಯ ಮಡಿಕೆಯ ಕಡೆಗೆ ಹೊರಳಿತು. ಮುಖ ಹುಳ್ಳಗಾಯಿತು. ಹೋಗಿ ಪಟ್ಟಿಯನ್ನು ಎಳೆದು ತಂದು ಕತ್ತಿನ ಪಕ್ಕದಲ್ಲಿಟ್ಟ.

"ನಿಂದು ಇದು. ಶುಕ್ರವಾರ ನಾನು ತಗೊಂಡೆ."

ಎರಡು ವರ್ಷದಲ್ಲಿ ತಮ್ಮನಿಗೆ ಅವನು ನೇರವಾಗಿ ಆಡಿದ ಮೊದಲ ಮಾತು. ತಾಯಿ ಅಭ್ಯಾಸಬಲದಿಂದ, "ನಿಂದು ಇದು ಅಂತೆ ಕಣೋ" ಎಂದು ದಾಟಿಸಿಬಿಟ್ಟಳು.

"ತಗೊಂಡಿದ್ದನ್ನ ಆಗಲೇ ಒಂದು ಮಾತು ಹೇಳೋಕೇನಾಗಿತ್ತಣ್ಣ?"

"ಹೇಳೋಣ ಅಂದ್ರೆ ಅಮ್ಮ ಹಿತ್ತಲಿಗೆ ಹೋಗಿದ್ಲು."

ಗಾಜಿನವಳು ಪರದೆಯ ಹಿಂದೆ ಮುಖ ಮುಚ್ಚಿಕೊಂಡಳು. ಅಣ್ಣ ಗಂಟಲು ಸರಿಮಾಡಿಕೊಂಡು ತಾಯಿಯ ಕಡೆಗೆ ತಿರುಗಿದ.

"ಕೋಲು ಕಳೆದಿಲ್ಲ ಅಮ್ಮ. ಸ್ವಲ್ಪ ದಪ್ಪ ಆಗಿದೆ, ಅಷ್ಟೆ."

ತೀರ್ಪು ಅಲ್ಲಿಗೆ ಮುಗಿಯಿತು, ಕಟ್ಟು ಮುಗಿಯಲಿಲ್ಲ. ಆ ವಾರ ಅಣ್ಣನ ಸರದಿಯಾದ್ದರಿಂದ ಕತ್ತನ್ನು ಹೆಗಲಿಗೇರಿಸಿಕೊಂಡು ಅಳತೆಗೆ ಹೋದ. ಮುಂದಿನ ವಾರ ತಮ್ಮ ಅದಕ್ಕೆ ಮೈ ಕೂಡಿಸಿದ, ತಂತಿ ಬಿಗಿದ. ಅದರ ಮುಂದಿನ ಸೋಮವಾರ ಅಣ್ಣನ ಕೈಗೆ ಬಂದದ್ದು ಇಡೀ ಗಿಟಾರು. ಬಾಗಿಲು ತಟ್ಟಿದ ಮನೆಗಳಲ್ಲಿ, "ಬಡಗಿ ಬರ್ತಾರೆ ಅಂದ್ರಿ, ಹಾಡೋರು ಬಂದಿದ್ದಾರೆ ನೋಡ್ರೀ" ಎಂಬ ಕೂಗೆದ್ದಿತು. ಅಣ್ಣ ಮುಖದ ಗಂಟು ಸಡಿಲಿಸದೆ ಗಿಟಾರನ್ನು ಚೌಕಟ್ಟಿಗೆ ತಾಗಿಸಿ, "ಅಡ್ಡ ಒಂದು ಗಿಟಾರು, ಆರು ಮೊಳೆ" ಎಂದು ಬರೆದುಕೊಳ್ಳುತ್ತಿದ್ದ. ಡಾಕ್ಟರಮ್ಮ ನುಡಿಸಿ ನೋಡಿ, ನಾದವೇನೋ ಚೆನ್ನಾಗಿದೆ, ಆದರೆ ಗಿಟಾರಿನ ಕತ್ತಿನ ಮೇಲೆ ಬೆರಳಿಡುವ ಮನೆಗಳು ಹೋಗುತ್ತ ಹೋಗುತ್ತ ಕಿರಿದಾಗುತ್ತವೆ, ಮೊಳೆಗಳು ಮಾತ್ರ ಇಂಚಿಗೊಂದರಂತೆ ನಿಂತಿವೆ, ಅವನ್ನು ನಂಬಿ ಬೆರಳಿಟ್ಟರೆ ಹಾಡು ಹಳ್ಳಕ್ಕೆ ಬೀಳುತ್ತದೆ ಎಂದಳು. ಮೊಳೆ ತೆಗೆಯುವ ಮಾತಿಗೆ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ, "ಅದೊಂದು ಬಿಟ್ಟು ಬೇರೆ ಹೇಳಿ" ಎಂದರು. ಅವರು ಒಮ್ಮತದಿಂದ ಆಡಿದ ಮಾತು ಗಾಜಿನವಳಿಗೆ ತಿಳಿದಂತೆ ಅದೊಂದೇ.

ಇಷ್ಟಕ್ಕೆ ಕಥೆ ಮುಗಿಯಿತೆಂದು ಆಕೆ ಸೆರಗು ಕೊಡವಿದಾಗ, ಬೆಂಚಿನ ತುದಿಯಲ್ಲಿದ್ದ ಕಾರು ರಿಪೇರಿಯವನು ಕೇಳಿದ: "ಅಲ್ಲಕ್ಕ, ಶೆಡ್ಡಿಗೆ ಬಾಗಿಲು ಬಂತಾ?"

"ಎಲ್ಲಿಂದ ಬರ್ಬೇಕು! ಈಗ ಮಾತಾಡ್ತಾರಲ್ಲ, ಬೆಳಗಿಂದ ಸಂಜೆ ತನಕ ಒಳಗೋ ಹೊರಗೋ ಅಂತ ನೇರವಾಗೇ ಕಿತ್ತಾಡ್ತಾರೆ. ನಾನು ಟೆಲಿಫೋನ್ ಆಗಿದ್ದಾಗಲೇ ಮನೆ ತಣ್ಣಗಿತ್ತು ಅಂತಾಳೆ ಅವರಮ್ಮ. ಪರದೆ ಇನ್ನೂ ಹಾಗೇ ಇದೆ. ಪಟ್ಟಿನೂ ಮತ್ತೆ ಅದರ ಮಡಿಕೆಗೇ ಹೋಗಿದೆ, ಗಾಳಿ ಬರುತ್ತಲ್ಲ."

ಅಷ್ಟರಲ್ಲಿ ಗರಗಸದವನು ಕೊನೆಯ ಹಲ್ಲು ಮಸೆದು ಮುಗಿಸಿ, ಬೆಂಚು ಒಳಗಿಡಬೇಕು, ಏಳಿ ಎಂದ. ಕೇಳುಗರು ನಗುತ್ತಲೇ ಎದ್ದರು, ಬಟ್ಟೆಯ ಮೇಲಿನ ಕಬ್ಬಿಣದ ಪುಡಿ ಝಾಡಿಸಿಕೊಂಡರು, ತಮ್ಮ ತಮ್ಮ ಗರಗಸಗಳನ್ನು ಕಾಗದದಲ್ಲಿ ಸುತ್ತಿ ಕಂಕುಳಿಗಿಟ್ಟುಕೊಂಡು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ಕಾರು ರಿಪೇರಿಯವನಿಗೆ ಮಾತ್ರ, ತನ್ನ ಮನೆಯ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೋಡಿಕೊಳ್ಳಲೆಂದು ಅವನು ಎಲ್ಲರಿಗಿಂತ ಬಿರುಸಾಗಿ ಹೆಜ್ಜೆ ಹಾಕಿದ.